ಲಯ ಬದಲಾದರೂ ಹೆಜ್ಜೆ ತಪ್ಪದಂತೆ

ಗಣೇಶನ ವಿಸರ್ಜನೆಯಿರಲಿ, ಮದುವೆಯ ಮೆರವಣಿಗೆಯಿರಲಿ, ರಾಯಚೂರು, ಮಾನ್ವಿ, ದೇವದುರ್ಗದ ಸೀಮೆಯಲ್ಲಿ ಈಗ ಡಿಜೆ ಇಲ್ಲದೆ ಜನ ಹೊರಡುವುದು ಅಪರೂಪವೆಂದೇ ಹೇಳಬೇಕು. ಟ್ರ್ಯಾಕ್ಟರಿನ ಟ್ರಾಲಿಯ ಮೇಲೆ ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳು, ಹಿಂದೊಂದು ಜನರೇಟರು, ಬಣ್ಣಬಣ್ಣದ ದೀಪಗಳು, ಮುಂದೆ ಧೂಳೆಬ್ಬಿಸಿ ಕುಣಿಯುವ ಹುಡುಗರು. ಇವೆಲ್ಲದರ ಮರೆಯಲ್ಲಿ, ಲ್ಯಾಪ್‌ಟಾಪಿನ ಪರದೆಗೆ ಕಣ್ಣು ನೆಟ್ಟು, ಹೆಡ್‌ಫೋನನ್ನು ಒಂದೇ ಕಿವಿಗೆ ಒತ್ತಿಕೊಂಡು ಕುಳಿತ ಯುವಕನೊಬ್ಬನಿರುತ್ತಾನೆ. ಅವನು ಮಾಡುವುದೇನು? ಯಾರನ್ನೇ ಕೇಳಿ, ‘ಏನ್ ಮಾಡ್ತಾನ್ರೀ, ಹಾಡು ಹಚ್ತಾನ’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಹಾಡು ಹಚ್ಚುವುದು ಸುಲಭವೇ. ಒಂದು ಹಾಡಿನಿಂದ ಇನ್ನೊಂದಕ್ಕೆ ದಾಟುವುದಿದೆಯಲ್ಲ, ಕಸುಬು ಇರುವುದು ಅಲ್ಲಿ. ಭಕ್ತಿಗೀತೆಯೊಂದು ನಿಧಾನಗತಿಯಲ್ಲಿ ಸಾಗುತ್ತಿದೆ ಎನ್ನಿ. ಅದರ ಬೆನ್ನಿಗೆ ಬಿರುಸಿನ ಜಾನಪದ ಹಾಡು ಬರಬೇಕು. ಮೊದಲನೆಯದನ್ನು ಥಟ್ಟನೆ ನಿಲ್ಲಿಸಿ ಎರಡನೆಯದನ್ನು ಹಾಕಿದರೆ ಕುಣಿಯುವವರ ಎತ್ತಿದ ಕಾಲು ಎತ್ತಿದಲ್ಲೇ ಉಳಿಯುತ್ತದೆ. ಮುಖ ಮುಖ ನೋಡಿಕೊಳ್ಳುತ್ತಾರೆ. ನಾಲ್ಕೈದು ಸೆಕೆಂಡಿನ ಮಾತು ಅಷ್ಟೇ. ಆದರೆ ಅಷ್ಟರಲ್ಲಿ ಮೆರವಣಿಗೆಯ ಕಾವು ಇಳಿದಿರುತ್ತದೆ, ಇಬ್ಬರು ನೀರು ಕುಡಿಯಲು ಬದಿಗೆ ಸರಿದಿರುತ್ತಾರೆ. ಇಂಥದು ರಾತ್ರಿಯಲ್ಲಿ ಮೂರು ಸಲ ಆಯಿತೆಂದರೆ ಆ ಯುವಕನಿಗೆ ಮುಂದಿನ ವರ್ಷದ ಮುಂಗಡ ಸಿಗುವುದು ಅನುಮಾನ. ಅವನ ಅನ್ನವಿರುವುದೇ ಈ ದಾಟಿನಲ್ಲಿ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇದೇ ಕಸುಬಿನಲ್ಲಿದ್ದಾನೆ. ಹತ್ತನೆಯ ತರಗತಿಯಲ್ಲಿ ಭೌತವಿಜ್ಞಾನದ ಪಾಠವೆಂದರೆ ಕಿಟಕಿಯಾಚೆ ನೋಡುತ್ತಿದ್ದವನು. ‘ತಂತ್ರಾಂಶದಲ್ಲಿ ಸಿಂಕ್ ಅಂತ ಗುಂಡಿ ಇದೆಯಂತಲ್ಲಪ್ಪಾ, ಅದನ್ನು ಒತ್ತಿದರೆ ಎಲ್ಲ ತಾನೇ ಹೊಂದಿಕೊಳ್ಳುತ್ತದಂತೆ’ ಎಂದು ಕೇಳಿದೆ. ‘ಎಲ್ಲಾರೂ ಹಂಗೇ ಅಂತಾರ್ರೀ ಸರ್. ಅದನ್ನ ಒತ್ತಿದ ಮ್ಯಾಲೇ ಕೆಲಸ ಸುರು ಆಗ್ತದ್ರೀ’ ಎಂದ. ಈ ಮಾತಿನ ಅರ್ಥವನ್ನು ಬಿಡಿಸಿ ನೋಡುವುದೇ ಈ ಲೇಖನದ ಉದ್ದೇಶ.

ನಿಮಿಷಕ್ಕೆ ಎಷ್ಟು ಪೆಟ್ಟು?

ಹಾಡಿನ ವೇಗವನ್ನು ಡಿಜೆಗಳು ಬಿಪಿಎಂ ಎಂಬ ಅಳತೆಯಲ್ಲಿ ಹೇಳುತ್ತಾರೆ. ನಿಮಿಷಕ್ಕೆ ಎಷ್ಟು ತಾಳದ ಪೆಟ್ಟು ಬೀಳುತ್ತವೆ ಎಂಬ ಲೆಕ್ಕ ಅದು. ವೈದ್ಯರು ನಾಡಿ ಹಿಡಿದು ನಿಮಿಷಕ್ಕೆ 72 ಎನ್ನುವುದಿಲ್ಲವೇ, ಹಾಗೆಯೇ. ಇದಕ್ಕೆ ಯಂತ್ರವೇನೂ ಬೇಡ. ಕೈಗಡಿಯಾರ ನೋಡುತ್ತ 15 ಸೆಕೆಂಡುಗಳಲ್ಲಿ ಎಷ್ಟು ಪೆಟ್ಟು ಬಿದ್ದವೆಂದು ಎಣಿಸಿ ನಾಲ್ಕರಿಂದ ಗುಣಿಸಿದರೆ ಸಾಕು. 24 ಪೆಟ್ಟು ಬಿದ್ದರೆ ಹಾಡಿನ ವೇಗ 96. 32 ಬಿದ್ದರೆ 128.

ಎರಡು ಹಾಡುಗಳ ವೇಗ ಸ್ವಲ್ಪವೇ ಬೇರೆಯಾಗಿದ್ದರೆ ಏನಾಗುತ್ತದೆ? ಒಂದರ ವೇಗ 120, ಇನ್ನೊಂದರದು 121 ಎಂದಿಟ್ಟುಕೊಳ್ಳಿ. ಎರಡನ್ನೂ ಒಟ್ಟಿಗೆ ಆರಂಭಿಸಿದರೆ ಮೊದಮೊದಲು ಪೆಟ್ಟಿನ ಮೇಲೆ ಪೆಟ್ಟು ಸರಿಯಾಗಿ ಬೀಳುತ್ತದೆ. ಅರ್ಧ ನಿಮಿಷ ಕಳೆಯುವಷ್ಟರಲ್ಲಿ ಒಂದು ಹಾಡಿನಲ್ಲಿ 60 ಪೆಟ್ಟು ಮುಗಿದಿದ್ದರೆ ಇನ್ನೊಂದರಲ್ಲಿ ಅರವತ್ತೂವರೆ! ಎಂದರೆ ಒಂದರ ಪೆಟ್ಟು ಇನ್ನೊಂದರ ಎರಡು ಪೆಟ್ಟುಗಳ ನಟ್ಟನಡುವೆ ಬೀಳುತ್ತದೆ. ಕುದುರೆ ಕುಂಟಿದಂತೆ ಕೇಳಿಸುತ್ತದೆ. ಪೂರ್ತಿ ಒಂದು ನಿಮಿಷವಾದಾಗ ಮತ್ತೆ ಕೂಡಿಕೊಳ್ಳುತ್ತವೆ. ಎರಡು ಶ್ರುತಿಕವೆಗಳನ್ನು ಒಟ್ಟಿಗೆ ಮಿಡಿದಾಗ ಸದ್ದು ಏರಿ ಇಳಿಯುವುದನ್ನು ಶಾಲೆಯಲ್ಲಿ ತೋರಿಸುತ್ತೇವಷ್ಟೆ, ಇದು ಅದರದೇ ನಿಧಾನವಾದ ರೂಪ.

ಹಾಗಾದರೆ ವೇಗ ಸಮವಾದರೆ ಸಾಕೆ? ಸಾಲದು. ಎರಡೂ ಹಾಡು ಕರಾರುವಾಕ್ಕಾಗಿ 120ರಲ್ಲೇ ಓಡುತ್ತಿದ್ದರೂ, ಒಂದು ಅರ್ಧ ಪೆಟ್ಟು ತಡವಾಗಿ ಹೊರಟಿದ್ದರೆ ಕೊನೆಯವರೆಗೂ ಆ ಕುಂಟುತನ ಹೋಗದು. ವೇಗ ಒಂದಾಗಬೇಕು, ಪೆಟ್ಟು ಬೀಳುವ ಗಳಿಗೆಯೂ ಒಂದಾಗಬೇಕು. ಇವೆರಡು ಬೇರೆ ಬೇರೆ ಸಂಗತಿಗಳು.

ದೇವಸುಗೂರಿನವರಿಗೆ ಇದನ್ನು ವಿವರಿಸಲು ದೂರ ಹೋಗಬೇಕಾಗಿಲ್ಲ. ಊರಿನ ಮಗ್ಗುಲಲ್ಲೇ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರವಿದೆ. 1985ರಲ್ಲಿ ಅಲ್ಲಿ ಮೊದಲ ಘಟಕ ಆರಂಭವಾಯಿತು. ಮುಂದೆ 210 ಮೆಗಾವಾಟಿನ ಏಳು ಘಟಕಗಳೂ 250 ಮೆಗಾವಾಟಿನ ಒಂದು ಘಟಕವೂ ತಲೆಯೆತ್ತಿದವು. ಇಂಥ ಒಂದು ಜನರೇಟರನ್ನು ನಾಡಿನ ವಿದ್ಯುಜ್ಜಾಲಕ್ಕೆ ಕೂಡಿಸುವುದು ಮನೆಯ ದೀಪದ ಸ್ವಿಚ್ಚು ಒತ್ತಿದಂತಲ್ಲ. ಜಾಲದಲ್ಲಿ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳಂತೆ ಮಿಡಿಯುತ್ತಿರುತ್ತದೆ. ಉಗಿಯ ಕವಾಟವನ್ನು ಹದವಾಗಿ ತೆರೆದು ಟರ್ಬೈನನ್ನು ನಿಮಿಷಕ್ಕೆ 3000 ಸುತ್ತಿಗೆ ತರಬೇಕು. ಆಗ ಆವರ್ತ ಸಮವಾಯಿತು. ವೋಲ್ಟೇಜೂ ಸಮವಾಗಬೇಕು. ಇಷ್ಟಾದ ಮೇಲೆ ಎರಡರ ಅಲೆಗಳೂ ಒಂದೇ ಕ್ಷಣಕ್ಕೆ ಏರಿ ಒಂದೇ ಕ್ಷಣಕ್ಕೆ ಇಳಿಯುತ್ತಿವೆಯೇ ಎಂದು ನೋಡಬೇಕು. ಅದನ್ನು ತೋರಿಸಲು ಸಿಂಕ್ರೋಸ್ಕೋಪ್ ಎಂಬ ಮಾಪಕವಿದೆ. ಅದರ ಮುಳ್ಳು ಗಡಿಯಾರದಂತೆ ಮೆಲ್ಲಗೆ ಸುತ್ತುತ್ತ ಹನ್ನೆರಡರ ಗುರುತಿಗೆ ಬರುವ ಹೊತ್ತಿಗೆ ಸರಿಯಾಗಿ ಕೂಡಿಸಬೇಕು. ಅಲೆಗಳು ಎದುರುಬದುರಾಗಿದ್ದಾಗ ಕೂಡಿಸಿದರೆ ಟನ್ನುಗಟ್ಟಲೆ ತೂಗುವ ಯಂತ್ರದ ದಂಡಕ್ಕೆ ಬೀಳುವ ಏಟು ಸಾಮಾನ್ಯದ್ದಲ್ಲ. ಅದಕ್ಕಾಗಿಯೇ ದೊಡ್ಡ ಕೇಂದ್ರಗಳಲ್ಲಿ ಈ ಕೆಲಸಕ್ಕೆ ಸ್ವಯಂಚಾಲಿತ ಸಾಧನಗಳಿರುತ್ತವೆ.

ಡಿಜೆ ತಂತ್ರಾಂಶದ ಸಿಂಕ್ ಗುಂಡಿಯೂ ಅಂಥದೇ ಒಂದು ಸ್ವಯಂಚಾಲಿತ ಸಾಧನ. ಬರುವ ಹಾಡಿನ ವೇಗವನ್ನು ಓಡುತ್ತಿರುವ ಹಾಡಿನ ವೇಗಕ್ಕೆ ತಂದು, ಪೆಟ್ಟಿನ ಕೆಳಗೆ ಪೆಟ್ಟನ್ನು ಕೂಡಿಸುತ್ತದೆ. ವೋಲ್ಟೇಜಿನ ಜಾಗದಲ್ಲಿ ಇಲ್ಲಿ ಸದ್ದಿನ ಮಟ್ಟ. ಅದನ್ನು ಯುವಕ ತಾನೇ ಸರಿದೂಗಿಸಬೇಕು. ಹಿಂದೆ ಈ ಸಾಧನವೇ ಇರಲಿಲ್ಲ. 1970ರ ಆಸುಪಾಸಿನಲ್ಲಿ ನ್ಯೂಯಾರ್ಕಿನ ಫ್ರಾನ್ಸಿಸ್ ಗ್ರಾಸೊ ಎಂಬಾತ ಎರಡು ಗ್ರಾಮಫೋನ್ ತಟ್ಟೆಗಳನ್ನು ಕಿವಿಯ ಬಲದಿಂದಲೇ ಹೀಗೆ ಹೊಂದಿಸಿ ಹೆಸರು ಮಾಡಿದ. ಈಗ ಸೆರಾಟೊ, ವರ್ಚುವಲ್ ಡಿಜೆ ಮುಂತಾದ ತಂತ್ರಾಂಶಗಳಿವೆ. ಪುಕ್ಕಟೆಯಾಗಿ ಸಿಗುವ ಮಿಕ್ಸ್ ಎಂಬುದೂ ಇದೆ. ಜರ್ಮನಿಯ ಕಂಪನಿಯೊಂದು ತನ್ನ ತಂತ್ರಾಂಶಕ್ಕೆ ಟ್ರ್ಯಾಕ್ಟರ್ ಎಂದೇ ಹೆಸರಿಟ್ಟಿದೆ. ಡಿಜೆಗೆ ನಿಜವಾದ ಟ್ರ್ಯಾಕ್ಟರು ಬೇಕೇ ಬೇಕಾದ ನಮ್ಮೂರನ್ನು ಅವರು ನೋಡಿರಲಾರರು!

ಎಳೆದರೆ ಹರಿಯುತ್ತದೆ

ಹಳೆಯ ಗ್ರಾಮಫೋನಿನಲ್ಲಿ ತಟ್ಟೆಯನ್ನು ಬೇಗ ತಿರುಗಿಸಿದರೆ ಹಾಡಿನ ವೇಗದ ಜೊತೆಗೆ ಶ್ರುತಿಯೂ ಏರುತ್ತಿತ್ತು. ಸುಮಾರು ನೂರಕ್ಕೆ ಆರರಷ್ಟು ವೇಗ ಹೆಚ್ಚಿಸಿದರೆ ಇಡೀ ಹಾಡು ಹಾರ್ಮೋನಿಯಂನ ಒಂದು ಮನೆಯಷ್ಟು ಮೇಲೇರುತ್ತದೆ. ಇನ್ನೂ ಹೆಚ್ಚಿಸಿದರೆ ಗಂಡಸಿನ ದನಿ ಮಕ್ಕಳ ದನಿಯಾಗುತ್ತದೆ. ಕಂಪ್ಯೂಟರ್ ಬಂದ ಮೇಲೆ ವೇಗವನ್ನೂ ಶ್ರುತಿಯನ್ನೂ ಬೇರ್ಪಡಿಸುವುದು ಸಾಧ್ಯವಾಯಿತು. ಇದರ ಒಂದು ಬೇರು 1966ರಷ್ಟು ಹಿಂದಿನದು. ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲಾನಗನ್ ಮತ್ತು ಗೋಲ್ಡನ್ ಎಂಬ ವಿಜ್ಞಾನಿಗಳು ಮಾತಿನ ಅಲೆಗಳನ್ನು ವಿಂಗಡಿಸಿ ಮತ್ತೆ ಜೋಡಿಸುವ ವಿಧಾನವನ್ನು ಆಗ ಪ್ರಕಟಿಸಿದ್ದರು. ಸರಳವಾಗಿ ಹೇಳುವುದಾದರೆ, ತಂತ್ರಾಂಶ ಹಾಡನ್ನು ಸೆಕೆಂಡಿನ ನೂರನೆಯ ಕೆಲವು ಪಾಲಿನಷ್ಟು ಸಣ್ಣ ತುಣುಕುಗಳಾಗಿ ಕತ್ತರಿಸುತ್ತದೆ. ವೇಗ ಹೆಚ್ಚಬೇಕಾದರೆ ತುಣುಕುಗಳನ್ನು ಒಂದರ ಮೇಲೊಂದು ಸ್ವಲ್ಪ ಏರಿಸಿ ಹೊಲಿಯುತ್ತದೆ. ಕಡಿಮೆಯಾಗಬೇಕಾದರೆ ನಡುವೆ ಅವನ್ನೇ ಮರುಕಳಿಸಿ ತುಂಬುತ್ತದೆ. ಕೌದಿ ಹೊಲಿದ ಹಾಗೆ ಎನ್ನಬಹುದು.

ಕೌದಿಯಲ್ಲಿ ತೇಪೆ ಹೆಚ್ಚಾದರೆ ಕಣ್ಣಿಗೆ ಹೊಡೆಯುವಂತೆ ಇಲ್ಲಿಯೂ ಕಿವಿಗೆ ಹೊಡೆಯುತ್ತದೆ. ನೂರಕ್ಕೆ ಐದಾರರಷ್ಟು ಎಳೆದರೆ ಹೆಚ್ಚಿನವರಿಗೆ ಗೊತ್ತಾಗುವುದಿಲ್ಲ. ಆದರೆ 96ರ ಹಾಡನ್ನು 128ಕ್ಕೆ ಎಳೆಯುವುದೆಂದರೆ ನೂರಕ್ಕೆ ಮೂವತ್ತಮೂರರ ಹೆಚ್ಚಳ! ಗಾಯಕನ ದನಿ ತಗಡಿನಂತಾಗುತ್ತದೆ, ಡೊಳ್ಳಿನ ಗುಮ್ಮೆನ್ನುವ ಪೆಟ್ಟು ಪುಸ್ಸೆನ್ನುತ್ತದೆ. ಅದಕ್ಕಿಂತ ಮಿಗಿಲಾಗಿ, ನಿಧಾನವಾಗಿ ಹೇಳಬೇಕಾದ ಮಾತನ್ನು ಓಡಿಸಿದಂತಾಗಿ ಹಾಡಿನ ಭಾವವೇ ಕೆಡುತ್ತದೆ. ಸಿಂಕ್ ಗುಂಡಿಗೆ ಈ ವಿವೇಚನೆಯಿಲ್ಲ. ಎಳೆಯೆಂದರೆ ಎಳೆಯುತ್ತದೆ. ನನ್ನ ಶಿಷ್ಯ ಹೇಳಿದ ‘ಅದನ್ನ ಒತ್ತಿದ ಮ್ಯಾಲೇ ಕೆಲಸ’ ಎಂಬ ಮಾತಿನ ಅರ್ಥ ಇಲ್ಲಿಂದ ಬಿಚ್ಚಿಕೊಳ್ಳುತ್ತದೆ.

ಸ, ಮ, ಪ ಮತ್ತು ಲೆಕ್ಕ

ಎಳೆಯದೆ ಕೂಡಿಸುವುದು ಹೇಗೆ? ಅತಿ ಸುಲಭವಾದದ್ದು ಒಂದಕ್ಕೆ ಎರಡರ ಲೆಕ್ಕ. 70ರ ಹಾಡಿನ ಪ್ರತಿ ಪೆಟ್ಟಿನಲ್ಲೂ 140ರ ಹಾಡಿನ ಎರಡು ಪೆಟ್ಟು ಸರಿಯಾಗಿ ಕೂರುತ್ತವೆ. ಸಂಗೀತ ಕಲಿಯುವ ಮಕ್ಕಳು ಒಂದನೆಯ ಕಾಲ, ಎರಡನೆಯ ಕಾಲ ಎಂದು ಸರಳೆ ವರಸೆ ಹಾಡುವುದೂ ಇದೇ. ಕೈಯ ತಾಳ ಬದಲಾಗುವುದಿಲ್ಲ, ಸ್ವರಗಳು ಇಮ್ಮಡಿಯಾಗುತ್ತವೆ. ಕುಣಿಯುವವನ ಕಾಲಿಗೂ ಇದು ತೊಡಕಲ್ಲ. ಒಂದು ಹೆಜ್ಜೆಯ ಜಾಗದಲ್ಲಿ ಎರಡು ಹಾಕಿದರಾಯಿತು.

96 ಮತ್ತು 128ರ ನಡುವೆಯೂ ಇಂಥದೊಂದು ನಂಟು ಅಡಗಿದೆ. ಎರಡನ್ನೂ 32ರಿಂದ ಭಾಗಿಸಿ ನೋಡಿ: ಮೂರು ಮತ್ತು ನಾಲ್ಕು. 96ರ ವೇಗದಲ್ಲಿ ಮೂರು ಪೆಟ್ಟಿಗೆ 1.875 ಸೆಕೆಂಡು ಬೇಕು. 128ರ ವೇಗದಲ್ಲಿ ನಾಲ್ಕು ಪೆಟ್ಟಿಗೂ ಅಷ್ಟೇ, 1.875 ಸೆಕೆಂಡು. ಪ್ರತಿ ಮೂರು ಪೆಟ್ಟಿಗೊಮ್ಮೆ ಎರಡೂ ಹಾಡು ಒಂದೇ ಬಾಗಿಲಲ್ಲಿ ಕೂಡುತ್ತವೆ ಎಂದಾಯಿತು. ಜಾಣ ಡಿಜೆ ಮಾಡುವುದೇನೆಂದರೆ, 96ರ ಹಾಡು ಮುಗಿಯುವ ಹೊತ್ತಿಗೆ ಅದಕ್ಕೆ ಪ್ರತಿಧ್ವನಿ ಕೊಡುತ್ತಾನೆ. ಆ ಪ್ರತಿಧ್ವನಿಯ ಅಂತರವನ್ನು ಮುಕ್ಕಾಲು ಪೆಟ್ಟಿಗೆ ಇಡುತ್ತಾನೆ. 96ರಲ್ಲಿ ಮುಕ್ಕಾಲು ಪೆಟ್ಟೆಂದರೆ ಸುಮಾರು 0.47 ಸೆಕೆಂಡು, 128ರ ಹಾಡಿನ ಒಂದು ಪೂರ್ತಿ ಪೆಟ್ಟಿನ ಅಳತೆಯೂ ಅದೇ! ಹಳೆಯ ಹಾಡಿನ ಕೊನೆಯ ಮಾತು ಮರುದನಿಯಾಗಿ ಕರಗುತ್ತಿರುವಾಗ ಅದು ಹೊಸ ಹಾಡಿನ ವೇಗದಲ್ಲಿ ಮರುಕಳಿಸುತ್ತಿರುತ್ತದೆ. ಕೇಳುವವನಿಗೆ ಲೆಕ್ಕ ತಿಳಿಯದು, ಅವನ ಕಾಲಿಗೆ ತಿಳಿಯುತ್ತದೆ.

ಇಲ್ಲೊಂದು ಸೋಜಿಗವನ್ನು ಹೇಳದೆ ಮುಂದೆ ಹೋಗಲಾರೆ. ಷಡ್ಜದ ಕಂಪನಕ್ಕೂ ತಾರ ಷಡ್ಜದ ಕಂಪನಕ್ಕೂ ಇರುವ ಪ್ರಮಾಣ ಒಂದಕ್ಕೆ ಎರಡು. ಷಡ್ಜಕ್ಕೂ ಪಂಚಮಕ್ಕೂ ಎರಡಕ್ಕೆ ಮೂರು. ಷಡ್ಜಕ್ಕೂ ಶುದ್ಧ ಮಧ್ಯಮಕ್ಕೂ ಮೂರಕ್ಕೆ ನಾಲ್ಕು. ಕಿವಿಗೆ ಹಿತವಾಗುವ ಸ್ವರಗಳ ಪ್ರಮಾಣ ಯಾವುದೋ, ಹಾಡಿನ ವೇಗಗಳು ಸಲೀಸಾಗಿ ಕೂಡುವ ಪ್ರಮಾಣವೂ ಅದೇ! 96ರ ಹಾಡಿಗೂ 128ರ ಹಾಡಿಗೂ ಇರುವುದು ಸ–ಮ ಸಂಬಂಧ. ತಂಬೂರಿಯಲ್ಲಿ ಸೆಕೆಂಡಿಗೆ ನೂರಾರು ಸಲ ನಡೆಯುವ ಕಂಪನ, ಡಿಜೆಯಲ್ಲಿ ಸೆಕೆಂಡಿಗೆ ಒಂದೆರಡು ಸಲ ಬೀಳುವ ಪೆಟ್ಟು, ಎರಡಕ್ಕೂ ಸಣ್ಣ ಸಂಖ್ಯೆಗಳ ಅದೇ ಲೆಕ್ಕ.

ಪಂಚಮದ ಪ್ರಮಾಣಕ್ಕೆ ನಮ್ಮ ಕಡೆ ವಿಶೇಷ ಉಪಯೋಗವಿದೆ. ನಮ್ಮ ಎಷ್ಟೋ ಜಾನಪದ ಹಾಡುಗಳು ‘ತಕಿಟ ತಕಿಟ’ ಎಂಬ ತಿಶ್ರ ನಡೆಯವು, ಎಂದರೆ ಒಂದು ಪೆಟ್ಟಿನೊಳಗೆ ಮೂರು ಮಾತ್ರೆ. ಈಗಿನ ಡಿಜೆ ಹಾಡುಗಳಲ್ಲಿ ಹೆಚ್ಚಿನವು ‘ತಕಧಿಮಿ’ ಎಂಬ ಚತುರಶ್ರ ನಡೆಯವು. ಇವೆರಡರ ವೇಗ ಒಂದೇ ಇದ್ದರೂ ಒಂದರ ಮೇಲೊಂದು ಹಾಕಿದರೆ ಎತ್ತೊಂದು ಕಡೆ ಕೋಣವೊಂದು ಕಡೆ ಎಳೆದಂತೆ. ತಂತ್ರಾಂಶವೋ, ವೇಗ ಸರಿಯಿದೆಯಲ್ಲ ಎಂದು ಸುಮ್ಮನಿರುತ್ತದೆ! ಆಗ ಮಾತ್ರೆಗಳನ್ನು ಎಣಿಸಬೇಕು. ನಿಮಿಷಕ್ಕೆ 96 ಪೆಟ್ಟಿನ ತಿಶ್ರದಲ್ಲಿ 288 ಮಾತ್ರೆಗಳಿವೆ. ಅವನ್ನೇ ಮೂರು ಮೂರರ ಬದಲು ಎರಡೆರಡಾಗಿ ಕೂಡಿಸಿದರೆ 144 ಪೆಟ್ಟು. ಎಂದರೆ ಈ ಜಾನಪದ ಹಾಡು 144ರ ಹಾಡಿಗೆ ಸಲೀಸಾಗಿ ದಾರಿ ಬಿಡುತ್ತದೆ, 100ರ ಹಾಡಿಗೆ ಬಿಡುವುದಿಲ್ಲ. ಕರ್ನಾಟಕ ಸಂಗೀತದವರು ಗತಿಭೇದ ಎಂದು ಕರೆಯುವ ಕೌಶಲಕ್ಕೆ ಹತ್ತಿರದ್ದು ಇದು.

ಕಾಲಿಗೆ ಮೊದಲೇ ತಿಳಿಸಬೇಕು

ಲೆಕ್ಕ ಕೂಡದಿದ್ದಾಗ? 100ರಿಂದ 108ಕ್ಕೆ ಹೋಗಬೇಕಾದರೆ ಎರಡು ನಿಮಿಷದಲ್ಲಿ ಮೆಲ್ಲಗೆ ಏರಿಸಬಹುದು. ಶ್ರಾವಣದ ಭಜನೆಯಲ್ಲಿ ತಾಳ ಏರುವುದು ಹೀಗೆಯೇ. ಯಾವಾಗ ಏರಿತೆಂದು ಯಾರಿಗೂ ತಿಳಿಯದು, ಕೊನೆಗೆ ಮಾತ್ರ ಎಲ್ಲರ ಹಣೆಯಲ್ಲೂ ಬೆವರು. ಖ್ಯಾಲ್ ಗಾಯನದಲ್ಲಿ ವಿಲಂಬಿತದಿಂದ ದ್ರುತಕ್ಕೆ ಸಾಗುವ ದಾರಿಯೂ ನಮಗೆ ಪರಿಚಿತವೇ.

ಇನ್ನು 90ರಿಂದ 130ಕ್ಕೆ ಒಂದೇ ನೆಗೆತ ಬೇಕೆಂದರೆ, ಲಯವನ್ನೇ ಕೆಲವು ಗಳಿಗೆ ಮರೆಸುವುದು ಒಳ್ಳೆಯದು. ಪೆಟ್ಟಿಲ್ಲದ ಆಲಾಪ, ಸಿನಿಮಾದ ಒಂದು ಸಂಭಾಷಣೆ, ಇಲ್ಲವೇ ಜೈಕಾರ. ಡಿಜೆ ಹಾಡು ತಗ್ಗಿಸಿ ಮೈಕು ಹಿಡಿದು ಗಣಪತಿಗೆ ಜೈ ಎನ್ನಿಸುವುದನ್ನು ನೀವು ನೋಡಿರಬಹುದು. ಅದು ಬರಿಯ ಭಕ್ತಿಯಲ್ಲ, ಕಸುಬೂ ಹೌದು! ನೂರು ಕೊರಳು ಒಟ್ಟಿಗೆ ಕೂಗಿದ ಮೇಲೆ ಹಿಂದಿನ ಹಾಡಿನ ಪೆಟ್ಟು ಯಾರ ಮೈಯಲ್ಲೂ ಉಳಿದಿರುವುದಿಲ್ಲ. ಹಲಗೆಯನ್ನು ಅಳಿಸಿ ಹೊಸ ಲೆಕ್ಕ ಬರೆದಂತೆ.

ಅಥವಾ ಕೊನೆಯ ಸಾಲನ್ನು ನಾಲ್ಕು ಪೆಟ್ಟಿನಷ್ಟು ಸುತ್ತಿಸಿ, ಆಮೇಲೆ ಎರಡು, ಆಮೇಲೆ ಒಂದು, ಅರ್ಧ ಎಂದು ಕಿರಿದುಗೊಳಿಸುತ್ತ ಥಟ್ಟನೆ ಬಿಡುವುದುಂಟು. ಇದನ್ನು ಕೇಳಿದಾಗಲೆಲ್ಲ ನನಗೆ ತಬಲಾದ ತಿಹಾಯಿ ನೆನಪಾಗುತ್ತದೆ. ಒಂದೇ ಬೋಲನ್ನು ಮೂರು ಸಲ ನುಡಿಸಿ ಮೂರನೆಯ ಸಲಕ್ಕೆ ಸರಿಯಾಗಿ ಸಮದ ಮೇಲೆ ಇಳಿಯುವ ಕ್ರಮ ಅದು. ಕೇಳುಗನಿಗೆ ಮುಂಚಿತವಾಗಿ ಸೂಚನೆ ಕೊಡುವುದೇ ಇದರ ಮರ್ಮ. ಮೊಹರಮ್ಮಿನಲ್ಲಿ ಅಲಾಯಿ ಕುಣಿಯುವಾಗ ಹಲಗಿ ಬಾರಿಸುವವನು ನಡೆ ಬದಲಿಸುವ ಮುನ್ನ ಒಂದು ಬಿರುಸಿನ ವರಸೆ ಹೊಡೆಯುತ್ತಾನೆ. ಕುಣಿಯುವವರ ಕಾಲು ಅಲ್ಲಿಗೇ ಎಚ್ಚರಗೊಳ್ಳುತ್ತದೆ.

ಲಯದಿಂದ ಲಯಕ್ಕೆ ದಾಟುವುದು ಈ ಸೀಮೆಗೆ ಹೊಸದೇನಲ್ಲ. ಮಾನ್ವಿ ಸೀಮೆಯ ಚೀಕಲಪರ್ವಿಯಲ್ಲಿ 1682ರಲ್ಲಿ ಹುಟ್ಟಿದ ವಿಜಯದಾಸರು ಸುಳಾದಿಗಳಿಗೆ ಹೆಸರಾದವರು. ಸುಳಾದಿಯೆಂದರೆ ಒಂದೇ ಕೃತಿಯ ಒಂದೊಂದು ಭಾಗ ಒಂದೊಂದು ತಾಳದಲ್ಲಿ: ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಆದಿ, ಕೊನೆಗೊಂದು ಜತೆ. ತಾಳ ಬದಲಾದರೂ ಹೇಳುತ್ತಿರುವ ವಿಷಯದ ಎಳೆ ತುಂಡಾಗುವುದಿಲ್ಲ. ದಾಸರನ್ನೂ ಡಿಜೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದೇನೆಂದು ಯಾರೂ ಭಾವಿಸಬಾರದು. ತಾಳದಿಂದ ತಾಳಕ್ಕೆ ಹೊರಳುವಾಗ ಕೇಳುಗನನ್ನು ಕೈಬಿಡದಿರುವ ಸಮಸ್ಯೆ ಇಬ್ಬರಿಗೂ ಒಂದೇ ಎಂದಷ್ಟೇ ನನ್ನ ಮಾತು.

ಮನುಷ್ಯ ಹೊಡೆದ ತಾಳ

ತಂತ್ರಾಂಶ ಎಡವುವ ಇನ್ನೊಂದು ಜಾಗವಿದೆ. ಅದು ಹಾಡನ್ನು ಓದಿ, ಇಂತಿಂಥ ಜಾಗದಲ್ಲಿ ಪೆಟ್ಟು ಬೀಳುತ್ತದೆಂದು ಗೆರೆ ಹಾಕಿಕೊಳ್ಳುತ್ತದೆ. ಕಂಪ್ಯೂಟರಿನಲ್ಲೇ ತಯಾರಾದ ಈಚಿನ ಹಾಡುಗಳಲ್ಲಿ ಗೆರೆಗಳೆಲ್ಲ ಸಮಾನ ಅಂತರದಲ್ಲಿರುತ್ತವೆ, ತೊಂದರೆಯಿಲ್ಲ. ಆದರೆ ಹತ್ತಾರು ವಾದ್ಯಗಾರರು ಒಟ್ಟಿಗೆ ಕುಳಿತು ನುಡಿಸಿದ ಹಳೆಯ ಸಿನಿಮಾ ಹಾಡುಗಳು ಹಾಗಲ್ಲ. ಪಲ್ಲವಿಯಲ್ಲಿ 104 ಇದ್ದದ್ದು ಚರಣದ ಹೊತ್ತಿಗೆ 106 ಆಗಿರಬಹುದು, ಮತ್ತೆ 103ಕ್ಕೆ ಇಳಿದಿರಬಹುದು. ಉಸಿರಾಡುವ ಜೀವಿಯ ಹಾಡು ಅದು. ಸಮನಾದ ಗೆರೆ ಹಾಕಿಕೊಂಡ ತಂತ್ರಾಂಶ ಅರ್ಧ ನಿಮಿಷದಲ್ಲೇ ದಾರಿ ತಪ್ಪುತ್ತದೆ. ಗೆರೆಗಳನ್ನು ಕೈಯಿಂದ ಸರಿಪಡಿಸಬೇಕು, ಇಲ್ಲವೇ ವೇಗದ ಸರಿಗುಂಡಿಯ ಮೇಲೆ ಬೆರಳಿಟ್ಟು ಕಿವಿಯನ್ನೇ ನಂಬಬೇಕು. ಪರದೇಶದ ಕ್ಲಬ್ಬಿನಲ್ಲಿ ರಾತ್ರಿಯಿಡೀ 124, 126, 128ರ ಹಾಡುಗಳನ್ನೇ ನುಡಿಸುವವನಿಗಿಂತ, ಭಜನೆ, ಹಳೆಯ ಸಿನಿಮಾ, ಗೀಗೀಪದ, ತೆಲುಗಿನ ಕುಣಿತದ ಹಾಡು ಎಲ್ಲವನ್ನೂ ಒಂದೇ ಬೀದಿಯಲ್ಲಿ ಕೇಳಿಸಬೇಕಾದ ನಮ್ಮ ಯುವಕನ ಕೆಲಸ ಹೆಚ್ಚು ಕಠಿಣವೆಂದೇ ನನ್ನ ಅಭಿಪ್ರಾಯ.

ಸದ್ದಿನ ವಿಷಯದಲ್ಲಿ ಮಾತ್ರ ನಾನು ಅವನ ಪರವಾಗಿ ವಾದಿಸಲಾರೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಜನವಸತಿಯಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿ 45. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಎದೆಗೂಡು ನಡುಗಿಸುವ ಪೆಟ್ಟಿಗೆಗಳು ಈ ಮಿತಿಯ ಹತ್ತಿರಕ್ಕೂ ಸುಳಿಯವು. ಲಯದ ಕುಶಲತೆಗೆ ಇಷ್ಟು ಸದ್ದಿನ ಅಗತ್ಯವೂ ಇಲ್ಲ.

ಈ ಪೆಟ್ಟಿಗೆಗಳು ಬಂದ ಮೇಲೆ ಹಲಗಿಯವರಿಗೆ ಕರೆ ಕಡಿಮೆಯಾಗಿರುವುದು ಕಣ್ಣೆದುರಿನ ಸಂಗತಿ. ಆದರೂ ಕೆಲವು ಮೆರವಣಿಗೆಗಳಲ್ಲಿ ಮುಂದೆ ಹಲಗಿ, ಹಿಂದೆ ಡಿಜೆ ಇರುವುದುಂಟು. ಹಲಗಿಯವರು ಚರ್ಮವನ್ನು ಬೆಂಕಿಗೆ ಕಾಯಿಸಿ, ಹದ ಮಾಡಿಕೊಂಡು ಬಾರಿಸತೊಡಗಿದರೆ ಅವರ ನಡೆ ಅವರದು. ಹಿಂದಿನ ಪೆಟ್ಟಿಗೆಯಿಂದ ಬೇರೊಂದು ವೇಗ ಬಂದು ಬಡಿದರೆ ನಡುವೆ ನಿಂತವರಿಗೆ ಯಾವ ಪೆಟ್ಟಿಗೆ ಕಾಲೆತ್ತಬೇಕೋ ತಿಳಿಯದು. ಇಲ್ಲಿ ಸಿಂಕ್ ಗುಂಡಿ ಏನೂ ಮಾಡಲಾರದು. ಅದು ತನ್ನೊಳಗಿನ ಎರಡು ಹಾಡುಗಳನ್ನು ಕೂಡಿಸಬಲ್ಲದೇ ಹೊರತು ಬೀದಿಯ ಹಲಗಿಯನ್ನಲ್ಲ.

‘ಆವಾಗ ಏನು ಮಾಡ್ತೀಯಪ್ಪಾ?’ ಎಂದು ಕೇಳಿದೆ. ‘ಸೌಂಡ್ ಪೂರಾ ಇಳಸ್ತೀನ್ರೀ ಸರ್. ಅವರು ಬಾರಿಸೋದು ಕೇಳ್ತೀನಿ. ಟ್ಯಾಪ್ ಅಂತ ಒಂದು ಗುಂಡಿ ಅದ, ಅವರು ಹೊಡದಂಗ ಅದರ ಮ್ಯಾಲ ಬೆರಳು ಹೊಡೀತೀನಿ. ಎಂಟು ಸಲ ಹೊಡದ್ರ ಅವರ ವೇಗ ಎಷ್ಟು ಅಂತ ತೋರಸ್ತದ. ಆಮ್ಯಾಲ ಅದಕ್ಕ ಹೊಂದೋ ಹಾಡು ಹುಡುಕ್ತೀನ್ರೀ’ ಎಂದ.

‘ನಡುವೆ ಅವರು ವೇಗ ಬದಲಿಸಿದರೆ?’

‘ಬದಲಸೇ ಬದಲಸ್ತಾರ್ರೀ. ಮತ್ತ ಬೆರಳು ಹೊಡೀಬೇಕು. ಅವರು ನನ್ನ ಕಡೆ ತಿರುಗಿ ಸುದ್ದಾ ನೋಡಂಗಿಲ್ರೀ ಸರ್, ನಾನೇ ಅವರ ಕೈ ನೋಡಕೋತ ಹೋಗ್ಬೇಕು.’